ಒಂದು ವರ್ಷದ ಮುದ್ದತು

ಪೋಸ್ಟ್‌ಮ್ಯಾನ್ ಖಾಜಾಮಿಯಾ ಅವತ್ತು ಸೈಕಲ್ ನಿಲ್ಲಿಸಿ ಮಾತಾಡಿಸದೆ ಹೋಗಿದ್ದರೆ ಭೀಮಬಾಯಿಗೆ ಆ ಪತ್ರದ ವಿಷಯ ಗೊತ್ತೇ ಆಗುತ್ತಿರಲಿಲ್ಲ. ಅದು 1977ರ ಡಿಸೆಂಬರ್ ತಿಂಗಳ ಒಂದು ಬುಧವಾರ. ಶಹಾಬಾದದ ಕಾಗಿಣಾ ಕಲಾ ಮಹಾವಿದ್ಯಾಲಯದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಹುಡುಗಿಯರು ಬೆಳಗಿನ ಅಭ್ಯಾಸ ಮುಗಿಸಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಆ ಅಂಗಳಕ್ಕೆ ಊರಿನದೇ ಫರಸಿ ಕಲ್ಲು ಹಾಸಿದ್ದರು. ಕಲ್ಲಿನ ಸಂದಿಗೆ ಬಿದ್ದ ಚೆಂಡು ಯಾವ ಕಡೆ ಪುಟಿಯುತ್ತದೆಂದು ಹೊರಗಿನ ತಂಡದವರಿಗೆ ತಿಳಿಯುತ್ತಿರಲಿಲ್ಲ. ಇವರಿಗೆ ಒಂದೊಂದು ಸಂದಿಯೂ ಗೊತ್ತಿತ್ತು.

"ಏನ್ ಬೇಟಿ, ಸಿಕಂದರಾಬಾದಕ್ಕ ಯಾವಾಗ ಹೊಂಟಿ?" ಎಂದ ಖಾಜಾಮಿಯಾ.

"ನಾ ಯಾಕ ಹೋಗ್ಲಿ ಚಾಚಾ?"

"ಯಾಕ ಅಂದ್ರ? ನಿನ್ನ ಹೆಸರಿಗಿ ರಜಿಸ್ಟರ್ ಬಂದಿತ್ತಲ್ಲ, ಅಲ್ಲಿ ಮಶೀನ್ ಕಾರ್ಖಾನೆದು. ಕಾಲೇಜಿನ ಪತ್ತಾ ಇತ್ತು ಅಂತ ಗುರುಲಿಂಗಯ್ಯ ಸರ್ ಸಹಿ ಮಾಡಿ ತಗೊಂಡ್ರು. ಹನ್ನೆರಡು ದಿನ ಆಯ್ತು. ಕೊಟ್ಟಿಲ್ಲೇನು?"

ಭೀಮಬಾಯಿ ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಖಾಜಾಮಿಯಾಗೆ ತಾನು ಏನೋ ಆಡಬಾರದ್ದನ್ನು ಆಡಿದೆ ಅನ್ನಿಸಿರಬೇಕು, ಪೆಡಲು ತುಳಿದು ಹೊರಟುಬಿಟ್ಟ.

ಆ ಕಾರ್ಖಾನೆಯ ಹೆಸರು ಆಟವಾಡುವ ಹುಡುಗಿಯರಿಗೆಲ್ಲ ಗೊತ್ತಿತ್ತು. ಸಿಕಂದರಾಬಾದಿನಲ್ಲಿ ಯಂತ್ರ ತಯಾರಿಸುವ ಕಾರ್ಖಾನೆ ಅದು. ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡ ಕಟ್ಟಿ, ತಂಡಕ್ಕೆ ಬಂದವರಿಗೆ ನೌಕರಿಯನ್ನೇ ಕೊಡುತ್ತಿತ್ತು. ಅಲ್ಲಿ ಆಡುವುದೇ ಕೆಲಸ. ಭೀಮಬಾಯಿಗೆ ಆಗ ಹತ್ತೊಂಬತ್ತು ವರ್ಷ, ಬಿ.ಎ. ಎರಡನೇ ವರ್ಷದಲ್ಲಿದ್ದಳು. ಊರಿನ ಯಾವ ಮನೆಗೆ ಹೋದರೂ ತಲೆ ಬಗ್ಗಿಸಿ ಒಳಗೆ ಹೋಗಬೇಕಾದಷ್ಟು ಎತ್ತರ. ನಾಲ್ಕು ವರ್ಷದ ಹಿಂದೆ, ಕಾಗಿಣಾ ನದಿಯಿಂದ ಎರಡು ಕೊಡ ಹೊತ್ತು ಬರುತ್ತಿದ್ದವಳನ್ನು ನಿಲ್ಲಿಸಿ, "ನಾಳಿ ಅಂಗಳಕ್ಕ ಬಾ" ಎಂದಿದ್ದವರು ಕಾಲೇಜಿನ ಆಟದ ಮಾಸ್ತರ ಗುರುಲಿಂಗಯ್ಯನವರೇ. ಚೆಂಡು ಹಿಡಿಯುವುದನ್ನು ಕಲಿಸಿದವರು ಅವರು. ಬಿದ್ದು ಮೊಣಕೈ ಕಿತ್ತಾಗ ಅರಿಶಿನ ಹಚ್ಚಿದವರೂ ಅವರು.

ಅವಳು ಒದ್ದೆ ಕೈಯಲ್ಲೇ ಅವರ ಕೋಣೆಗೆ ಹೋದಳು.

"ಸರ್, ನಂದೊಂದು ರಜಿಸ್ಟರ್ ಬಂದದ ಅಂತ."

ಗುರುಲಿಂಗಯ್ಯ ಪಂದ್ಯದ ಕಾಗದ ನೋಡುತ್ತಿದ್ದರು. ತಲೆ ಎತ್ತಲಿಲ್ಲ. "ಯಾರು ಹೇಳಿದ್ರು?"

"ಬಂದದೋ ಇಲ್ಲೋ ಅಷ್ಟ ಹೇಳ್ರಿ."

ಗುರುಲಿಂಗಯ್ಯ ಮೇಜಿನ ಖಾನೆ ಎಳೆದು, ಕಾಗದಗಳ ಅಡಿಯಿಂದ ಒಡೆದ ಲಕೋಟೆ ತೆಗೆದು ಮುಂದಿಟ್ಟರು. ಭೀಮಬಾಯಿ ನಿಂತಲ್ಲೇ ಓದಿದಳು. ತಂಡದ ಆಯ್ಕೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಮೂಲ ಪ್ರಮಾಣಪತ್ರಗಳು ಬೇಕು. ತಂದೆಯ ಒಪ್ಪಿಗೆ ಪತ್ರವನ್ನು ಮೊದಲೇ ಕಳಿಸಬೇಕು.

"ಇದು ನಾಡಿದ್ದು ಅದ ಸರ್."

"ನಾಡಿದ್ದೇ ನಮ್ಮ ಪಂದ್ಯನೂ ಸುರು. ವಲಯದ ಪಂದ್ಯ ನಮ್ಮ ಅಂಗಳದಾಗ ಇದೇ ಮೊದಲ ಸಲ ನಡೀಲಿಕತ್ತದ. ನೀ ಇಲ್ಲಂದ್ರ ಏನದ ನಮ್ಮ ತಂಡದಾಗ?" ಅವರ ದನಿ ಮೆತ್ತಗಿತ್ತು. "ಕುಂದ್ರು. ಸಿಟ್ಟಿಗೇಳಬ್ಯಾಡ. ನಿನ್ನ ಒಳ್ಳೇದಕ್ಕೇ ಮಾಡೀನಿ. ಅರ್ಧ ಡಿಗ್ರಿ ಬಿಟ್ಟು ಓಡಿಹೋದವರ ಗತಿ ನಾ ಭಾಳ ನೋಡೀನಿ."

"ನನ್ನ ಒಳ್ಳೇದು ಏನಂತ ನನಗ ಕೇಳಬೇಕಿತ್ತಿಲ್ಲೋ?"

"ನಿಮ್ಮಪ್ಪಗ ಕೇಳೀನಿ. ಬ್ಯಾಡ ಅಂತ ಅವರೇ ರುಜು ಮಾಡಿ ಕೊಟ್ಟಾರ. ಕಳಿಸಿ ವಾರ ಆಯ್ತು."

ಆ ಮಾತು ಕೇಳಿದ ಮೇಲೆ ಅವಳಿಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಲಕೋಟೆ ಕಸಿದುಕೊಂಡು ಹೊರಗೆ ಬಂದಳು. ಹಿಂದಿನಿಂದ ಗುರುಲಿಂಗಯ್ಯ, "ಏಳು ವರ್ಷದಿಂದ ನಾ ಇಲ್ಲಿ ಟೆಂಪ್ರರಿ ಇದ್ದೀನಿ ಭೀಮಾ, ಈ ಕಪ್ ಬಂದ್ರ ಕಾಯಂ ಮಾಡ್ತೀವಿ ಅಂದಾರ," ಎಂದು ಹೇಳುತ್ತಿದ್ದರು. ಅದನ್ನು ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡಿದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮೆಟ್ಟಿಲ ಹತ್ತಿರ ತಂಡದ ನಾಯಕಿ ನೂರಜಹಾನ್ ನಿಂತಿದ್ದಳು. ಗಿಡ್ಡ ಹುಡುಗಿ, ಸಲ್ವಾರಿನ ಕಾಲನ್ನು ಸಾಕ್ಸಿನೊಳಗೆ ತುರುಕಿಕೊಂಡು ಆಡುವವಳು. ಅಂಗಳದಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಬೇಸಿಗೆಯಲ್ಲಿ ಸೇಡಮಿನ ಹುಡುಗನ ಜೊತೆ ಅವಳ ನಿಕಾ ಗೊತ್ತಾಗಿತ್ತು. ಆಮೇಲೆ ಆಟ ಇಲ್ಲ ಎಂದು ಹುಡುಗನ ಮನೆಯವರು ಮೊದಲೇ ಹೇಳಿದ್ದರು. ಭೀಮಬಾಯಿ ಕೊಟ್ಟ ಪತ್ರವನ್ನು ಅವಳು ಓದಿ ಮಡಿಚಿದಳು.

"ಸರ್ ಮಾಡಿದ್ದು ಹರಾಮಿ ಕೆಲಸ. ಆದ್ರ ನೀ ಹೋದ್ರ ಅವರಿಗಷ್ಟೇ ಅಲ್ಲ, ನಮಗೂ ಪೆಟ್ಟು ಬೀಳ್ತದ. ಐತವಾರ ಫೈನಲ್. ಅದು ಮುಗೀತಂದ್ರ ನಂದು ಚೆಂಡಿನ ಋಣ ಮುಗೀತು."

"ಹಂಗಾದ್ರ ಹೋಗಬ್ಯಾಡ ಅಂತೀಯೇನು?"

"ನನಗ ಯಾಕ ಕೇಳ್ತಿ? ನಾ ಇರು ಅಂತೀನಿ. ನಿನ್ನ ಜಾಗಾದಾಗ ನಾ ಇದ್ದಿದ್ರ ಇಷ್ಟೊತ್ತಿಗಿ ಟೇಸನ್‌ದಾಗ ಇರ್ತಿದ್ದೆ." ನೂರಜಹಾನಳ ಕಣ್ಣುಗಳು ಕೆಂಪಾಗಿದ್ದವು. "ಹೋಗು, ನಡಿ. ನನ್ನ ಮುಖ ನೋಡಬ್ಯಾಡ."

ಪ್ರಮಾಣಪತ್ರ ಕೇಳಲು ಹೋದರೆ ಗುಮಾಸ್ತ, ಪಂದ್ಯ ಮುಗಿಯುವತನಕ ಯಾರಿಗೂ ಕೊಡಬಾರದೆಂದು ಸರ್ ಹೇಳಿದ್ದಾರೆ ಎಂದ. ಭೀಮಬಾಯಿ ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಅವಳಿಗೆ ಜಗಳ ಬೇಕಾಗಿದ್ದದ್ದು ಅಪ್ಪನ ಜೊತೆ.

ಅವಳ ಅಪ್ಪ ಕಾಶಪ್ಪ, ಹಾಜಿಸಾಬನ ಫರಸಿ ಕೊಯ್ಯುವ ಅಂಗಳದಲ್ಲಿ ಮಶೀನಿನ ಮುಂದೆ ಕೂತು ಕೆಲಸ ಮಾಡುತ್ತಿದ್ದ. ಹಿಂದಿನವರೆಲ್ಲ ಕಾಗಿಣಾ ನದಿಯಲ್ಲಿ ಹರಗೋಲು ಹಾಕಿ ಮಂದಿಯನ್ನು ದಾಟಿಸಿದವರು. ಇವನ ಎಡಗಾಲು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ, ಅದಕ್ಕೇ ಕೂತು ಮಾಡುವ ಕೆಲಸ. ಭೀಮಬಾಯಿ ಹೋದಾಗ ಗರಗಸ ಕಲ್ಲಿನೊಳಗೆ ಇಳಿಯುತ್ತಿತ್ತು. ಹೆಂಡತಿ ಹಣಮಮ್ಮ ಬುತ್ತಿ ತಂದು ಪಕ್ಕದಲ್ಲಿ ಕಾಯುತ್ತಿದ್ದಳು. ಆ ಸದ್ದಿನಲ್ಲಿ ಕೂಗದೆ ಮಾತು ಕೇಳಿಸುತ್ತಿರಲಿಲ್ಲ. ಭೀಮಬಾಯಿ ಕೂಗಿಯೇ ಕೇಳಿದಳು.

"ನನ್ನ ಕಾಗದಕ್ಕ ನೀ ಯಾಕ ರುಜು ಮಾಡಿದಿ?"

ಹಾಜಿಸಾಬ ದೂರದಿಂದ ಮುಖ ನೋಡಿ ಮಶೀನು ಬಂದ್ ಮಾಡಿದ. ಒಮ್ಮೆಲೇ ಎಲ್ಲ ಸುಮ್ಮನಾಯಿತು. ಅವಳ ಮುಂದಿನ ಮಾತು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ನಾ ಏನು ನಿನ್ನ ದನ ಏನು, ನನಗ ಕೇಳದೆ ಮಾರಲಿಕ್ಕಿ, ಕಟ್ಟಲಿಕ್ಕಿ?"

ಕಾಶಪ್ಪನ ಮುಖ ಕಪ್ಪಾಯಿತು. ಕೈಗೆ ಹತ್ತಿದ ಕಲ್ಲಿನ ರಾಡಿಯನ್ನು ನಿಧಾನವಾಗಿ ತೊಳೆದುಕೊಂಡ.

"ನಾ ಬ್ಯಾಡ ಅಂದಿಲ್ಲ. ಒಂದು ವರ್ಷದ ಮುದ್ದತು ಕೇಳ್ರಿ ಅಂದೀನಿ. ಮಾಸ್ತರು ಹಂಗೇ ಬರದು ತಂದಿದ್ರು. ಡಿಗ್ರಿ ಮುಗೀಲಿ, ಆಮ್ಯಾಲ ಎಲ್ಲಿ ಬೇಕಾದ್ರೂ ಹೋಗು."

"ಆಡೋದು ನಾನು. ಮುದ್ದತು ಕೇಳಲಿಕ್ಕಿ ನೀ ಯಾರು?"

"ನಾ ಯಾರು ಅಂತೀಯೇನು?" ಕಾಶಪ್ಪ ಧೋತರ ಮೇಲೆತ್ತಿದ. ಮೊಣಕಾಲಿನ ಮೇಲೆ ಗೇಣುದ್ದದ ಹಳೆಯ ಹೊಲಿಗೆ ಇತ್ತು. "ಇದು ಹೆಂಗಾಯ್ತು ಹೇಳು."

"ಹರಗೋಲಿನಾಗಿಂದ ಕಲ್ಲಿನ ಮ್ಯಾಲ ಬಿದ್ದಿ."

"ಸುಳ್ಳು. ಹರಗೋಲಿನಾಗಿಂದ ನಮ್ಮ ಮನ್ಯಾಗ ಯಾರೂ ಬಿದ್ದಿಲ್ಲ." ಅವನು ಧೋತರ ಕೆಳಗೆ ಬಿಟ್ಟ. "ನನಗ ಕಬಡ್ಡಿ ಆಡಲಿಕ್ಕಿ ಒಂದು ಸುಣ್ಣದ ಕಾರ್ಖಾನೆದವರು ಕರಕೊಂಡು ಹೋಗಿದ್ರು. ಹರಗೋಲು ಬಿಟ್ಟು ಹೋದೆ. ಮೂರು ವರ್ಷ ಹೆಗಲ ಮ್ಯಾಲ ಹೊತ್ತು ತಿರಗಿದ್ರು. ಒಂದು ಪಂದ್ಯದಾಗ ನಾಕು ಮಂದಿ ಈ ಕಾಲಿನ ಮ್ಯಾಲ ಬಿದ್ರು. ಆರು ತಿಂಗಳಿಗಿ ಒಂದು ಕಾಗದ ಕೊಟ್ಟು ಗೇಟಿನ ಹೊರಗ ಬಿಟ್ರು. ಮೊದಲೇ ಹೆಬ್ಬಟ್ಟು ಒತ್ತಿದ್ದೆ ಅಂತ, ಅದ್ರಾಗ ಎಲ್ಲ ಬರದಿತ್ತು ಅಂತ. ನನಗ ಓದಲಿಕ್ಕಿ ಎಲ್ಲಿ ಬರ್ತಿತ್ತು? ಆಮ್ಯಾಲ ನಾಚಿಕಿಗಿ ರುಜು ಹಾಕೋದೊಂದು ಕಲತೆ."

ಮೊದಲು ಬಾಯಿಬಿಟ್ಟವಳು ಹಣಮಮ್ಮ.

"ಇಪ್ಪತ್ತು ವರ್ಷ ಆಯ್ತು ನಮ್ದು ಲಗ್ನ ಆಗಿ. ನನಗೂ ಹರಗೋಲಿನ ಕತಿನೇ ಹೇಳಿದಿ." ಅವಳು ಬುತ್ತಿಯ ಗಂಟನ್ನು ಕಲ್ಲಿನ ಮೇಲೆ ಕುಕ್ಕಿದಳು. "ನೀ ಆಕೀಗಿ ಕೇಳಲಿಲ್ಲ. ಆ ಮಾಸ್ತರ ನನಗ ಕೇಳಲಿಲ್ಲ. ಎಲ್ಲಾರೂ ಒಳ್ಳೇದು ಮಾಡಾವ್ರೇ."

ಭೀಮಬಾಯಿಗೆ ಅಪ್ಪನ ಕಾಲು ನೋಡಿ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಮುಚ್ಚಿಟ್ಟು, ಅದರ ಹೆದರಿಕೆಯನ್ನು ಮಾತ್ರ ತನ್ನ ಮೇಲೆ ಹೇರಿದ್ದಾನಲ್ಲ ಎಂದು ಮತ್ತೂ ಸಿಟ್ಟು ಬಂತು.

"ನೀ ರುಜು ಮಾಡೀದಿ, ನೀನೇ ಬಂದು ಬಿಡಸು," ಎಂದಳು. "ನಾಳಿ ಮುಂಜಾನಿ ಗಾಡಿಗಿ."

ಮರುದಿನ ಇಬ್ಬರೂ ಹೊರಟರು. ವಾಡಿಯಲ್ಲಿ ಗಾಡಿ ಬದಲಿಸಿ, ಸಿಕಂದರಾಬಾದಿನ ಪ್ಯಾಸೆಂಜರ್ ಹತ್ತಿದರು. ಎದುರುಬದುರು ಕೂತರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿತ್ತಾಪುರದಲ್ಲಿ ಕಾಶಪ್ಪ ಮಿರ್ಚಿ ಭಜಿ ಕೊಂಡು ಮಗಳ ಪಕ್ಕದಲ್ಲಿಟ್ಟ. ಸೇಡಮ್ ದಾಟುವತನಕ ಅದು ಹಾಗೇ ಇತ್ತು. ಕೊನೆಗೆ ಪಕ್ಕದಲ್ಲಿದ್ದ ಮುದುಕಿಯೊಬ್ಬಳು, ಯಾರದೂ ಅಲ್ಲವೇ ಎಂದು ಕೇಳಿ ತಿಂದಳು. ಸಂಜೆ ಹಾಜಿಸಾಬನ ತಂಗಿಯ ಮನೆಯಲ್ಲಿ ಇಳಿದುಕೊಂಡರು.

ಶುಕ್ರವಾರ ಬೆಳಿಗ್ಗೆ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ ಪಟ್ಟಿ ನೋಡಿ, ಈ ಹೆಸರು ಹೊಡೆದುಹಾಕಿದೆ ಎಂದ. ಯಾಕೆ ಎಂದು ಕೇಳಿದರೆ ಫೈಲಿನಿಂದ ಒಂದು ಕಾಗದ ತೆಗೆದು ತೋರಿಸಿದ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಪತ್ರ, ಕೆಳಗೆ ಕಾಶಪ್ಪನ ಸೊಟ್ಟ ರುಜು. ಭೀಮಬಾಯಿ ಓದಿದಳು. ಮತ್ತೊಮ್ಮೆ ಓದಿದಳು.

"ಏನಂತ ಅದ?" ಎಂದ ಕಾಶಪ್ಪ. ಹಿಂದಿನ ದಿನದಿಂದ ಅವನು ಆಡಿದ ಮೊದಲ ಮಾತು ಅದು.

"ಕೇಳು. 'ನನ್ನ ಮಗಳಿಗೆ ನೌಕರಿಯ ಮೇಲೆ ಮನಸ್ಸಿಲ್ಲ. ಅವಳ ಮದುವೆ ನಿಶ್ಚಯವಾಗಿದೆ. ಇನ್ನು ಮುಂದೆಯೂ ಅವಳನ್ನು ಕರೆಯಬಾರದೆಂದು ಕೋರುತ್ತೇನೆ.' ಕೆಳಗ ನಿನ್ನ ರುಜು."

"ಮುದ್ದತು ಎಲ್ಲಿ ಅದ?"

"ಎಲ್ಲೂ ಇಲ್ಲ."

"ಇನ್ನೊಮ್ಮಿ ಓದು."

ಅವಳು ಓದಿದಳು. ಕಾಶಪ್ಪ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಆ ಸಾಲುಗಳ ಮೇಲೆ ಬೆರಳಾಡಿಸಿದ. ಚಹಾದಂಗಡಿಗೆ ಕರೆದು ಚಹಾ ಕುಡಿಸಿ, ಭುಜದ ಮೇಲೆ ಕೈಯಿಟ್ಟು, ಇಲ್ಲಿ ಹಾಕ್ರಿ ಕಾಶಪ್ಪನವರೇ ಎಂದು ಬೆರಳಿಟ್ಟು ತೋರಿಸಿದ ಮಾಸ್ತರ ಅವನ ಕಣ್ಣಮುಂದೆ ಬಂದಿರಬೇಕು.

"ಎರಡನೇ ಸಲ," ಎಂದ. ಅಷ್ಟೇ. ಆಮೇಲೆ ಗುಮಾಸ್ತನ ಮೇಜಿನ ಮೇಲೆ ಎರಡೂ ಅಂಗೈ ಊರಿ, ಬಗ್ಗಿ ನಿಂತು, ತನಗೆ ಬರುವ ಹಿಂದಿಯಲ್ಲಿ ಹೇಳಿದ: ಇದು ಸುಳ್ಳು, ಇವಳ ಅಪ್ಪ ನಾನು, ಇವಳು ಇವತ್ತು ಆಡದೆ ನಾನು ಇಲ್ಲಿಂದ ಕದಲುವುದಿಲ್ಲ.

ಗದ್ದಲ ಕೇಳಿ ಒಳಗಿನಿಂದ ಎತ್ತರದ ಹೆಂಗಸೊಬ್ಬಳು ಬಂದಳು. ಅವಳು ಖುರ್ಷಿದಬೇಗಂ, ಕಾರ್ಖಾನೆ ತಂಡದ ನಾಯಕಿ. ಹಿಂದಿನ ವರ್ಷ ರಾಯಚೂರಿನಲ್ಲಿ ಭೀಮಬಾಯಿಯ ಆಟ ನೋಡಿ, ಪತ್ರ ಹಾಕಿಸಿದವಳು ಅವಳೇ. ಇವರ ಮಾತು ಕೇಳಿದ್ದೇ ಮುಖ ಅರಳಿತು.

"ನಂದೂ ನಿಮ್ಮ ಕಡಿನೇರಿ, ಚಿಂಚೋಳಿ. ಲಗ್ನ ಅಂತ ಬರದಿದ್ರಲ್ಲ, ನಾ ಬೈದು ಬಿಟ್ಟುಬಿಟ್ಟಿದ್ದೆ." ಪತ್ರದ ಸಂಗತಿಯನ್ನೆಲ್ಲ ಕೇಳಿದಳು. ಒಳಗೆ ಹೋಗಿ ಅಧಿಕಾರಿಯ ಜೊತೆ ವಾದ ಮಾಡಿ, ಪ್ರಮಾಣಪತ್ರ ಆಮೇಲೆ ಕೊಡುತ್ತಾಳೆಂದು ಒಪ್ಪಿಸಿ ಬಂದು, "ಬೂಟು ಹಾಕ್ಕೋ," ಎಂದಳು.

ಅಲ್ಲಿಯ ಅಂಗಳ ನುಣ್ಣನೆಯ ಸಿಮೆಂಟಿನದು. ಚೆಂಡು ನೇರ ಪುಟಿಯುತ್ತಿತ್ತು. ಮೊದಲ ಐದು ನಿಮಿಷ ಭೀಮಬಾಯಿಯ ಕೈಗೆ ಏನೂ ಹತ್ತಲಿಲ್ಲ. ಚೆಂಡು ಬಾರದ ಕಡೆಗೆಲ್ಲ ವಾಲುತ್ತಿದ್ದಳು. ಎದುರಿಗೆ ತಾಂಡೂರಿನ ಹುಡುಗಿಯೊಬ್ಬಳು, ಅವಳಷ್ಟೇ ಎತ್ತರ, ನಗುತ್ತ ಎರಡು ಬುಟ್ಟಿ ಹಾಕಿದಳು. ಮೂರನೆಯದಕ್ಕೆ ಅವಳು ಜಿಗಿದಾಗ ಭೀಮಬಾಯಿ ಇನ್ನೂ ಮೇಲೆ ಜಿಗಿದು, ಚೆಂಡನ್ನು ಎರಡೂ ಕೈಯಿಂದ ಕಿತ್ತುಕೊಂಡಳು. ಅಲ್ಲಿಂದ ಮುಂದೆ ಹಲಗೆಗೆ ಬಡಿದು ಬಂದ ಚೆಂಡು ಬೇರೆ ಯಾರಿಗೂ ಸಿಗಲಿಲ್ಲ. ಗುರುಲಿಂಗಯ್ಯನ ಮೇಲಿನ ಸಿಟ್ಟು, ಅಪ್ಪನ ಮೇಲಿನ ಸಿಟ್ಟು, ಎಲ್ಲವೂ ಆ ಕೈಗಳಲ್ಲಿತ್ತು. ಮುಗಿದಾಗ ತಾಂಡೂರಿನ ಹುಡುಗಿಯ ತುಟಿ ಒಡೆದಿತ್ತು. ಆ ಹುಡುಗಿ ಬೇಜಾರು ಮಾಡಿಕೊಳ್ಳದೆ, ನೀರು ಕುಡಿಯಲು ತನ್ನ ಬಾಟಲಿ ಕೊಟ್ಟಳು.

ಇಬ್ಬರ ಹೆಸರೂ ಪಟ್ಟಿಯಲ್ಲಿ ಬಂತು. ಶನಿವಾರ ಬೆಳಿಗ್ಗೆ ನೌಕರಿಯ ಕಾಗದಕ್ಕೆ ರುಜು ಮಾಡಬೇಕು, ಸೋಮವಾರದಿಂದ ಕೆಲಸ.

ತಾಂಡೂರಿನ ಹುಡುಗಿ ಕೊಟ್ಟ ತಕ್ಷಣ ರುಜು ಮಾಡಿದಳು. ಭೀಮಬಾಯಿ ಬೆಂಚಿನ ಮೇಲೆ ಕೂತು ಮೊದಲಿನಿಂದ ಓದಿದಳು, ಅಪ್ಪನಿಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ. ಒಂಬತ್ತನೆಯ ಕಲಮಿಗೆ ಬಂದಾಗ ನಿಲ್ಲಿಸಿದಳು. ಆಟಕ್ಕೆ ಅಸಮರ್ಥಳೆಂದು ಕಂಡುಬಂದ ದಿನದಿಂದ ನೌಕರಿ ಮುಗಿಯುತ್ತದೆ. ಪದವೀಧರರಾದರೆ ಮಾತ್ರ ಅಂಥವರನ್ನು ಗುಮಾಸ್ತರನ್ನಾಗಿ ಉಳಿಸಿಕೊಳ್ಳಲಾಗುವುದು.

ಅವಳು ಅಧಿಕಾರಿಯ ಕೋಣೆಗೆ ಹೋಗಿ ಆ ಸಾಲನ್ನು ಹೊಡೆದುಹಾಕಲು ಕೇಳಿದಳು. ಅಧಿಕಾರಿ ನಕ್ಕ. ಅಚ್ಚಾದ ಕಾಗದ ಇದು, ನಿನಗೊಬ್ಬಳಿಗೆ ಬೇರೆ ಮಾಡಿಸಲೇ ಎಂದ. ಡಿಗ್ರಿ ಮುಗಿಸಿ ಬಂದರೆ ಜಾಗ ಇರುತ್ತದೆಯೇ ಎಂದು ಕೇಳಿದಳು. ಇರಬಹುದು, ಇಲ್ಲದೆಯೂ ಇರಬಹುದು, ಯಾರೂ ಬರೆದು ಕೊಡುವುದಿಲ್ಲ ಎಂದ.

ಹೊರಗೆ ಖುರ್ಷಿದಬೇಗಂ ಕಾಯುತ್ತಿದ್ದಳು.

"ಅಕ್ಕ, ನೀವು ಏನು ಮಾಡಿದ್ರಿ?"

"ನಾ ಬಿ.ಎ. ಬಿಟ್ಟು ಬಂದೆ. ಏಳು ವರ್ಷ ಆಯ್ತು. ಇಲ್ಲಿತನಕ ಏನೂ ಮುರದಿಲ್ಲ." ಅವಳು ಕಂಬಕ್ಕೆ ಒರಗಿದಳು. "ಸುಳ್ಳು ಹೇಳಲ್ಲ ನಿನಗ. ಪ್ರತಿ ಸಲ ಜಿಗಿದಾಗ ಆ ಒಂಬತ್ತನೇ ಕಲಮು ನೆನಪಾಗ್ತದ. ಆದ್ರ ಈಗ ಇದ್ದ ಕಾಲು ನಿನಗ ಎರಡು ವರ್ಷದ ಮ್ಯಾಲ ಇರಲ್ಲ. ಅದೂ ಖರೆ. ನನಗ ಕೇಳಬ್ಯಾಡ."

ಕಾಶಪ್ಪ ಇಷ್ಟನ್ನೂ ಕೇಳುತ್ತ ನಿಂತಿದ್ದ. "ಮಾಡು ರುಜು," ಎಂದ.

ಭೀಮಬಾಯಿ ತಿರುಗಿದಳು. "ಏನಂದಿ?"

"ಮಾಡು ಅಂದೆ. ನಿನ್ನ ಆಟ ನಿನ್ನೆ ನೋಡಿದೆ. ನನ್ನ ಸಿಟ್ಟು ಕಾಗದದ ಮ್ಯಾಲ ಇತ್ತು, ಅದನ್ನ ನಿನ್ನ ಮ್ಯಾಲ ಹಾಕೀನಿ. ಮಾಡು."

"ಬುಧವಾರ ಬ್ಯಾಡ ಅಂತಿ, ಶನಿವಾರ ಮಾಡು ಅಂತಿ. ಎರಡು ಸಲನೂ ನನಗ ಕೇಳಲಿಲ್ಲ."

"ಹಂಗಾದ್ರ ಹೇಳು. ನಿನಗ ಏನು ಬೇಕು?"

ಹುಟ್ಟಿದಾಗಿನಿಂದ ಅಪ್ಪ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳಿಗೆ ಬೇಕಾದದ್ದು ಆ ಸಿಮೆಂಟಿನ ಅಂಗಳ, ನೇರ ಪುಟಿಯುವ ಆ ಚೆಂಡು. ಅದು ಸಿಗಬೇಕೆಂದು ಮೈಯೆಲ್ಲ ಕೇಳುತ್ತಿತ್ತು. ಆದರೆ ಒಂಬತ್ತನೆಯ ಕಲಮಿನ ಕೆಳಗೆ ತನ್ನ ಹೆಸರು ಬರೆಯಲು ಕೈ ಏಳಲಿಲ್ಲ. ಅದು ಹೆದರಿಕೆಯಲ್ಲ. ಅಪ್ಪನಿಗೆ ಮಾಡಿದ್ದನ್ನೇ ತನಗೂ ಮಾಡಲು, ಅದೂ ತಾನೇ ಓದಿ ತಿಳಿದುಕೊಂಡ ಮೇಲೆ, ಒಪ್ಪಿಗೆ ಕೊಡಲು ಅವಳಿಗೆ ಹೇಸಿಕೆಯಾಯಿತು.

"ನಾ ಇವತ್ತು ಮಾಡಲ್ಲ," ಎಂದಳು. "ಡಿಗ್ರಿ ತಗೊಂಡು ಬರ್ತೀನಿ. ಇದು ನಾ ಹೇಳಿದ್ದು. ನೀ ಹೇಳಿದ್ದಲ್ಲ, ಮಾಸ್ತರ ಹೇಳಿದ್ದಲ್ಲ."

ಅವಳು ಒಂದು ಹಾಳೆ ಕೇಳಿ ಪಡೆದು ಅಪ್ಪನ ಹೆಸರಿನಲ್ಲಿ ಕನ್ನಡದಲ್ಲಿ ಬರೆದಳು: ಹಿಂದಿನ ಪತ್ರ ಸುಳ್ಳು, ಅದನ್ನು ರದ್ದು ಮಾಡಬೇಕು, ಮಗಳಿಗೆ ಪದವಿ ಮುಗಿಸಲು ಒಂದು ವರ್ಷದ ಮುದ್ದತು ಬೇಕು. ಕಾಶಪ್ಪ ಅದನ್ನು ಮಗಳಿಂದ ಒಮ್ಮೆ, ಖುರ್ಷಿದಬೇಗಂಳಿಂದ ಒಮ್ಮೆ ಓದಿಸಿ, ಆಮೇಲೆ ರುಜು ಹಾಕಿದ. ರದ್ದಾದ ಇಂಗ್ಲಿಷ್ ಪತ್ರವನ್ನು ಗುಮಾಸ್ತ ಕಸದ ಬುಟ್ಟಿಗೆ ಹಾಕಲು ಹೊರಟಿದ್ದ. ಭೀಮಬಾಯಿ ಕೇಳಿ ತೆಗೆದುಕೊಂಡಳು.

ಸಂಜೆ ಶಹಾಬಾದದಲ್ಲಿ ಇಳಿದಾಗ ಸುದ್ದಿ ಗೊತ್ತಾಯಿತು. ನೂರಜಹಾನ್ ಮತ್ತು ಉಳಿದವರು, ಇವಳಿಲ್ಲದೆಯೇ, ಬೀದರಿನ ತಂಡವನ್ನು ಸೋಲಿಸಿ ಫೈನಲ್ ಸೇರಿದ್ದರು.

ಭಾನುವಾರ ಬೆಳಿಗ್ಗೆ ಅಂಗಳದ ಸುತ್ತ ಜನ ಸೇರಿತ್ತು. ಆಡಳಿತ ಮಂಡಳಿಯವರಿಗೆ ಕುರ್ಚಿ ಹಾಕಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಭೀಮಬಾಯಿಯನ್ನು ಕಂಡು ಗುರುಲಿಂಗಯ್ಯ, "ಬಂದ್ಯಾ, ಭಾಳ ಛಲೋ ಆಯ್ತು," ಎಂದರು. ಅವಳು ಪತ್ರ ಮುಂದೆ ಹಿಡಿದಳು.

"ಇದನ್ನ ಇವರ ಮುಂದ ಓದ್ರಿ. ಆಮ್ಯಾಲ ನಾ ಬೂಟು ಹಾಕ್ತೀನಿ."

ಅವರ ಮುಖ ಬಿಳಚಿತು. "ಈಗ ಟೈಮಿಲ್ಲ. ಪಂದ್ಯ ಆದ ಮ್ಯಾಲ ಮಾತಾಡಮು."

"ಈಗೇ ಓದ್ರಿ ಸರ್." ಇದನ್ನು ಹೇಳಿದವಳು ನೂರಜಹಾನ್. ಅವಳು ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು. "ನಿನ್ನೆ ಈಕೀ ಇಲ್ಲದೇ ಗೆದ್ದೀವಿ. ಇವತ್ತು ಆಡದೇ ಸೋಲ್ತೀವಿ. ನಂದು ಕಡೀ ಪಂದ್ಯ ಇದು, ಆದ್ರೂ ಸೋಲ್ತೀನಿ."

ಗುರುಲಿಂಗಯ್ಯ ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಓದಿದರು. ಕನ್ನಡದಲ್ಲಿ ಹೇಳಬೇಕೆಂದಳು ನೂರಜಹಾನ್. ಅವರು ಹೇಳಿದರು. "ನನಗೂ ಮಕ್ಕಳು ಅದಾವ," ಎಂದರು ಕೊನೆಗೆ. "ಪ್ರತಿ ಜೂನಿಗಿ ಬಿಡಿಸ್ತಾರೋ ಇಡ್ತಾರೋ ಅಂತ ಏಳು ವರ್ಷ ಹೆದರೀನಿ."

"ನಮ್ಮಪ್ಪನೂ ಹೆದರ್ಯಾನ," ಎಂದಳು ಭೀಮಬಾಯಿ. "ಅವ ಯಾರ ಹೆಸರಿನಾಗೂ ಸುಳ್ಳು ಬರದಿಲ್ಲ. ಇವತ್ತು ನೀವು ನಮ್ಮ ಬೆಂಚಿನ ಮ್ಯಾಲ ಕುಂದ್ರಬ್ಯಾಡ್ರಿ."

ಅವರು ಕೂರಲಿಲ್ಲ. ಜನರ ನಡುವೆ ಎಲ್ಲೋ ನಿಂತರು. ಹುಡುಗಿಯರು ರಾಯಚೂರಿನ ತಂಡದೊಡನೆ ಆಡಿ ಮೂರು ಅಂಕಗಳಿಂದ ಗೆದ್ದರು. ಕೊನೆಯ ಬುಟ್ಟಿ ನೂರಜಹಾನಳದು. ಕಲ್ಲಿನ ಸಂದಿಯಲ್ಲಿ ಚೆಂಡು ಹೊರಳುವುದನ್ನು ಬಲ್ಲವಳು ಅವಳು, ಎದುರಿನವಳು ಬಲಕ್ಕೆ ವಾಲಿದಾಗ ಎಡಕ್ಕೆ ನುಗ್ಗಿ ಹಾಕಿದ್ದಳು. ಹಾಕಿದ ಮೇಲೆ ಚೆಂಡನ್ನು ಯಾರಿಗೂ ಕೊಡದೆ ಎದೆಗೆ ಅವಚಿಕೊಂಡು ನಿಂತುಬಿಟ್ಟಳು. ಅಂಪೈರ್ ಎರಡು ಸಲ ಸೀಟಿ ಊದಬೇಕಾಯಿತು.

ಕಪ್ ಕೊಡುವಾಗ ಆಡಳಿತ ಮಂಡಳಿಯವರು ಗುರುಲಿಂಗಯ್ಯನವರನ್ನು ಹುಡುಕಿ ಕರೆತಂದು ಹಾರ ಹಾಕಿದರು. ಜೂನಿನಲ್ಲಿ ಅವರು ಕಾಯಂ ಆದರು. ಭೀಮಬಾಯಿ ಪ್ರಾಂಶುಪಾಲರಿಗೆ ಪತ್ರದ ನಕಲು ಕೊಟ್ಟು ದೂರು ಬರೆದಿದ್ದಳು. ಅದಕ್ಕೆ ಉತ್ತರ ಬರಲಿಲ್ಲ. ಮೂರನೇ ವರ್ಷ ಅವಳು ಕಾಲೇಜಿಗಾಗಿ ಆಡಲಿಲ್ಲ. ಪ್ರತಿದಿನ ಬೆಳಿಗ್ಗೆ ಅದೇ ಅಂಗಳಕ್ಕೆ ಎಲ್ಲರಿಗಿಂತ ಮೊದಲೇ ಬಂದು ಒಬ್ಬಳೇ ಆಡಿ, ಗುರುಲಿಂಗಯ್ಯ ಗೇಟಿನಲ್ಲಿ ಕಾಣಿಸಿಕೊಂಡ ಕೂಡಲೇ ಚೆಂಡು ಎತ್ತಿಕೊಂಡು ಹೋಗುತ್ತಿದ್ದಳು.

ಮುಂದಿನ ಡಿಸೆಂಬರಿನಲ್ಲಿ ಸಿಕಂದರಾಬಾದಿನಿಂದ ಪತ್ರ ಬರಲಿಲ್ಲ. ಬಿ.ಎ. ಮುಗಿಯಿತು. ಆ ವರ್ಷವೂ ಬರಲಿಲ್ಲ. ಖಾಜಾಮಿಯಾ ಅವಳ ಮನೆಯ ಮುಂದೆ ಸೈಕಲ್ಲನ್ನು ಜೋರಾಗಿ ಓಡಿಸಿಕೊಂಡು ಹೋಗುತ್ತಿದ್ದ. ಚಿತ್ತಾಪುರದ ಒಂದು ಶಾಲೆಯಲ್ಲಿ ಅವಳು ಮಕ್ಕಳಿಗೆ ಪಾಠ ಹೇಳಿದಳು. ತಾಂಡೂರಿನ ಹುಡುಗಿ ಭಾರತ ತಂಡದ ಶಿಬಿರಕ್ಕೆ ಆಯ್ಕೆಯಾದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ, ಭೀಮಬಾಯಿ ತಟ್ಟೆಯ ಮುಂದಿನಿಂದ ಎದ್ದು ಹೋದಳು. ಕಾಶಪ್ಪನೂ ಕೈ ತೊಳೆದುಕೊಂಡ. ಅವತ್ತು ಇಬ್ಬರೂ ಒಬ್ಬರನ್ನೊಬ್ಬರು ಬೈಯಲಿಲ್ಲ.

ಪತ್ರ ಬಂದದ್ದು 1980ರಲ್ಲಿ. ಅವಳು ಗುಮಾಸ್ತಳಾಗಿ ಸೇರಿ, ಐದು ವರ್ಷ ಕಾರ್ಖಾನೆಗೆ ಆಡಿದಳು. ಚೆನ್ನಾಗಿಯೇ ಆಡಿದಳು. ಶಿಬಿರಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಹೊಸಬರಿಗೆ ಹದಿನೆಂಟು, ಹತ್ತೊಂಬತ್ತು ವರ್ಷ.

1983ರಲ್ಲಿ ತಾಂಡೂರಿನ ಹುಡುಗಿಯ ಪಾದದ ಗಂಟು ಮುರಿಯಿತು. ನಾಲ್ಕು ತಿಂಗಳ ಮೇಲೆ, ಅವಳನ್ನು ಒಂಬತ್ತನೆಯ ಕಲಮಿನ ಪ್ರಕಾರ ಬಿಡಿಸುವ ಆದೇಶ ಟೈಪು ಮಾಡಲು ಭೀಮಬಾಯಿಯ ಮೇಜಿಗೇ ಬಂತು. ಅವಳು ಅದನ್ನು ಓದಿ, ಮೇಲಧಿಕಾರಿಯ ಮೇಜಿನ ಮೇಲೆ ಹಾಗೇ ಇಟ್ಟು ಬಂದಳು. ತಾನು ಟೈಪು ಮಾಡುವುದಿಲ್ಲ ಎಂದಳು. ಬೇರೆ ಯಾರೋ ಮಾಡಿದರು.

ಸಂಜೆ ಆ ಹುಡುಗಿ ಊರುಗೋಲು ಹಿಡಿದು ಬಂದಾಗ ಭೀಮಬಾಯಿ ಅವಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು.

"ಅವತ್ತು ಓದದೆ ರುಜು ಮಾಡಿದಿ," ಎಂದಳು. ಬೈಯಬಾರದೆಂದುಕೊಂಡರೂ ಬೈಗುಳದ ಹಾಗೇ ಬಂತು.

"ಓದಿದ್ರೂ ಮಾಡ್ತಿದ್ದೆ ಅಕ್ಕ," ಎಂದಳು ಹುಡುಗಿ, ತೆಲುಗು ಬೆರೆತ ಕನ್ನಡದಲ್ಲಿ. "ಎರಡು ಸಲ ದೇಶದ ಅಂಗಿ ಹಾಕ್ಕೊಂಡಿದ್ದೀನಿ. ಇನ್ನೊಮ್ಮೆ ಕಾಗದ ಕೊಟ್ರೂ ಮಾಡ್ತೀನಿ."

ಭೀಮಬಾಯಿಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಬಂತು, ಇಬ್ಬರೂ ಸರಿಯಾಗಿಯೇ ಆರಿಸಿಕೊಂಡರೂ ಇಬ್ಬರಿಂದಲೂ ಅರ್ಧರ್ಧ ಕಿತ್ತುಕೊಂಡವರ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಅವಳು ಟೈಪ್‌ರೈಟರಿಗೆ ಮೂರು ಹಾಳೆ, ನಡುವೆ ಎರಡು ಕಾರ್ಬನ್ ಸೇರಿಸಿ ಹಾಕಿದಳು.

"ಮನವಿ ಬರೀತೀನಿ. ಯೂನಿಯನ್‌ದವರಿಗೊಂದು, ಲೇಬರ್ ಆಫೀಸಿಗೊಂದು. ವರ್ಷ ಹಿಡೀತದೋ ಎರಡು ವರ್ಷ ಹಿಡೀತದೋ ಗೊತ್ತಿಲ್ಲ. ಮೊದಲು ನಿನ್ನ ಪೂರಾ ಹೆಸರು ಹೇಳು. ಬರದ ಮ್ಯಾಲ ಓದಿ ಹೇಳ್ತೀನಿ, ಕೇಳು. ಕೇಳಿ ರುಜು ಮಾಡು."

ಹುಡುಗಿ ಹೆಸರು ಹೇಳಿದಳು. ಭೀಮಬಾಯಿ ಕೀಲಿಗಳನ್ನು ಎಷ್ಟು ಜೋರಾಗಿ ಬಡಿದಳೆಂದರೆ ಮೊದಲ ಹಾಳೆಯ ಮೇಲೆ ಚುಕ್ಕೆ ಇಟ್ಟಲ್ಲೆಲ್ಲ ತೂತು ಬಿತ್ತು.